ತಟ್ಟೆ ಬೇರೆ ಮಾಡಬೇಡಿ

(ಓದುಗರ ಪತ್ರ, ಸಂಕ್ಷಿಪ್ತವಾಗಿ: ನನಗೆ 68. ಯಜಮಾನರಿಗೆ 74, ಎರಡು ವರ್ಷದಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಕರುಳಿನ ಬ್ಯಾಕ್ಟೀರಿಯಾದಿಂದ ಇದು ಗಂಡನಿಂದ ಹೆಂಡತಿಗೂ ಬರುತ್ತದಂತೆ, ಅಪಾಯ ಆರು ಪಟ್ಟಂತೆ. ವಾಟ್ಸಾಪ್‌ನಲ್ಲಿ ಬಂದಿದೆ. ಅವರ ತಟ್ಟೆ, ಲೋಟ ಬೇರೆ ಇಡಿ ಅನ್ನುತ್ತಾಳೆ ಸೊಸೆ. ನಾವು ಸಸ್ಯಾಹಾರಿಗಳು. ನಾನು ವರ್ಷಗಳಿಂದ ಗ್ಯಾಸ್ ಮಾತ್ರೆ ನುಂಗುತ್ತಿದ್ದೇನೆ. ಅವರನ್ನು ಬಿಟ್ಟು ಹೋಗಲಾಗದೆ ಭಜನೆಗೆ ಹೋಗುವುದನ್ನೂ ನಿಲ್ಲಿಸಿದ್ದೇನೆ. – ತೀರ್ಥಹಳ್ಳಿ ಕಡೆಯ ಓದುಗರು)

ಅಮ್ಮಾ,

ಮೊದಲು ಉತ್ತರ ಹೇಳಿಬಿಡುತ್ತೇನೆ. ತಟ್ಟೆ ಬೇರೆ ಮಾಡಬೇಡಿ. ಡಿಮೆನ್ಷಿಯಾ ನೆಗಡಿಯ ಹಾಗೆ ಅಂಟುವ ಕಾಯಿಲೆ ಅಲ್ಲ.

ಆ ಸಂದೇಶದಲ್ಲಿ ನಿಜದ ಚೂರುಗಳಿವೆ. ಯಾರೋ ಅವನ್ನು ತಪ್ಪಾಗಿ ಹೊಲಿದಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಕ್ಯಾಶ್ ಕೌಂಟಿಯಲ್ಲಿ 65 ದಾಟಿದ 1,221 ದಂಪತಿಗಳನ್ನು 12 ವರ್ಷದವರೆಗೆ ಗಮನಿಸಿದ್ದರು. 2010ರಲ್ಲಿ ಫಲಿತಾಂಶ ಬಂತು. ಸಂಗಾತಿಗೆ ಡಿಮೆನ್ಷಿಯಾ ಇದ್ದವರಿಗೆ ಅದು ಬರುವ ಅಪಾಯ ಆರು ಪಟ್ಟು ಜಾಸ್ತಿ ಇತ್ತು. ಓದಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಗಂಡ ಹೆಂಡತಿ ಇಬ್ಬರಿಗೂ ಕಾಯಿಲೆ ಬಂದದ್ದು 30 ಜೋಡಿಗಳಲ್ಲಿ ಮಾತ್ರ. ಆ ಲೆಕ್ಕದಲ್ಲಿ ಕರುಳಿನ ಮಾತೇ ಇರಲಿಲ್ಲ. ಆರೈಕೆ ಮಾಡುವವರ ಒತ್ತಡ ಕಾರಣ ಇರಬಹುದು ಎಂದರು ಸಂಶೋಧಕರು.

ಕರುಳಿನ ಕತೆ ಬೇರೆ ಕಡೆಯದು. ಐರ್ಲೆಂಡಿನ ಕಾರ್ಕ್‌ನಲ್ಲಿ ಆಲ್ಝೈಮರ್ (ಡಿಮೆನ್ಷಿಯಾದ ಒಂದು ಬಗೆ) ರೋಗಿಗಳ ಕರುಳಿನ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ನೆನಪು ಕುಂದಿತು. ಇದು 2023ರ ಸುದ್ದಿ. ಕರುಳಿಗೂ ಮಿದುಳಿಗೂ ನಂಟಿದೆ ಎಂಬುದಕ್ಕೆ ಗಟ್ಟಿ ಸುಳಿವು, ನಿಜ. ಆದರೆ ಅಲ್ಲಿ ಮೊದಲು ಔಷಧಿ ಕೊಟ್ಟು ಇಲಿಗಳ ಸ್ವಂತ ಬ್ಯಾಕ್ಟೀರಿಯಾವನ್ನು ತೊಡೆದುಹಾಕಿದ್ದರು. ಪಕ್ಕದಲ್ಲಿ ಕೂತು ಉಣ್ಣುವುದಕ್ಕೆ ಅದನ್ನು ಹೋಲಿಸಲಾಗದು.

ಇನ್ನೊಂದು ಅಧ್ಯಯನ ನಿಮಗೆ ಹೇಳಲೇಬೇಕು. 2019ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹಿರಿಯರ ಕರುಳನ್ನು ಪರೀಕ್ಷಿಸಿದರು. ಒಂಟಿಯಾಗಿ ಇರುವವರಿಗಿಂತ ದಂಪತಿಗಳಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಜಾಸ್ತಿ ಇದ್ದವು. ಅನ್ಯೋನ್ಯವಾಗಿರುವ ಜೋಡಿಗಳಲ್ಲಿ ಎಲ್ಲರಿಗಿಂತ ಜಾಸ್ತಿ. ಸಾಮಾನ್ಯವಾಗಿ ಅದು ಒಳ್ಳೆಯ ಕರುಳಿನ ಗುರುತು.

ಈಗ ನಿಮ್ಮ ಗ್ಯಾಸ್ ಮಾತ್ರೆ. ನನಗೆ ನಿಜವಾಗಿ ಚಿಂತೆಯಾದದ್ದು ಇಲ್ಲಿ. ಊಟದಲ್ಲಿರುವ ಬಿ12 ವಿಟಮಿನ್ ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಆ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಸಸ್ಯಾಹಾರದಲ್ಲಿ ಬಿ12 ಮೊದಲೇ ಕಮ್ಮಿ, ಹಾಲು ಮೊಸರಿನಿಂದ ಬಂದಷ್ಟೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಅದನ್ನು ಕಮ್ಮಿ ಮಾಡಬಹುದು. ಬಿ12 ಇಳಿದರೂ ಮರೆವು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಬೇಗ ಗೊತ್ತಾದರೆ ಸರಿಪಡಿಸಬಹುದು. ಇಬ್ಬರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಊಟಕ್ಕೆ ಸೊಪ್ಪು, ಕಾಳು, ಬಾಳೆದಿಂಡಿನ ಪಲ್ಯ, ಮಜ್ಜಿಗೆ ಸಾಕು. ಒಳ್ಳೆಯ ಬ್ಯಾಕ್ಟೀರಿಯಾ ಅಂತ ಮಾರುವ ದುಬಾರಿ ಡಬ್ಬಿಗೆ ಸುಮ್ನೆ ದುಡ್ಡು ಸುರಿಯಬೇಡಿ.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ದಾರಿಯಾಗುವ, ನಾವು ತಗ್ಗಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಕರುಳು ಇಲ್ಲ. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಖಿನ್ನತೆ ಇವೆ. ಜನರೊಂದಿಗೆ ಬೆರೆಯದೆ ಇರುವುದೂ ಇದೆ. ನೀವು ಭಜನೆ ಬಿಟ್ಟ ಸಾಲನ್ನು ನಾನು ಎರಡು ಸಲ ಓದಿದ್ದು ಅದಕ್ಕೇ.

ಈ ಪುಟವನ್ನು ಸೊಸೆಗೆ ತೋರಿಸಿ. ಅವಳಿಗೂ ನಿಮ್ಮ ಮೇಲಿನ ಕಾಳಜಿಯೇ. ಮುಂದಿನ ಭಜನೆಗೆ ನೀವು ಹೋಗಿ. ಆ ಎರಡು ಗಂಟೆ ಅವಳೋ ಮಗನೋ ಅಪ್ಪನ ಪಕ್ಕ ಕೂರಲಿ. ನೀವು ಬಂದ ಮೇಲೆ ಎಲ್ಲರೂ ಒಟ್ಟಿಗೆ ಊಟ ಮಾಡಿ.

– ಸಂಪಾದಕ