ಸುಲಭ ಪದಗಳ ಕಥೆ ಹುಡುಕಬೇಡಿ

ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡೋಕೆ ಸುಲಭ ಪದಗಳಿರುವ ಒಳ್ಳೆಯ ಸಣ್ಣಕಥೆ ಯಾವುದು ಅಂತ ಕೇಳಿದ್ದೀರಿ. ನಾನೂ ಹೀಗೇ ಹುಡುಕಿದ್ದೆ. ಸಿಕ್ಕಿದ್ದು ಹೆಮಿಂಗ್‌ವೇ ಅವರ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’, 1927ರದ್ದು. ಪುಟ್ಟ ವಾಕ್ಯ, ದಿನಬಳಕೆಯ ಪದ, ಬರೀ ಮಾತುಕತೆ. ಇನ್ನೇನು ಬೇಕು ಅಂದುಕೊಂಡೆ.

ನನ್ನ ವಿದ್ಯಾರ್ಥಿನಿಗೆ ಆಗ 50 ದಾಟಿತ್ತು. ಎರಡು ಸಲ ಓದಿಕೊಂಡು ಬಂದಿದ್ದರು. ಪ್ರತಿ ಮಾತಿನ ಪಕ್ಕ ಪೆನ್ಸಿಲ್‌ನಲ್ಲಿ ‘ಅವನು’, ‘ಅವಳು’ ಅಂತ ಗುರುತು. ನಡುವೆ ಲೆಕ್ಕ ತಪ್ಪಿದೆ. ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳುವಾಗಿದೆ. “ಎಲ್ಲಾ ಪದಾನೂ ಗೊತ್ತು. ಏನು ನಡೀತು ಅಂತಲೇ ಗೊತ್ತಾಗ್ಲಿಲ್ಲ. ನನ್ನ ತಲೆಗೆ ಇದು ಹತ್ತಲ್ಲ ಬಿಡಿ” ಅಂದರು.

ತಪ್ಪು ಪೂರ್ತಿ ನನ್ನದು. ಆ ಕಥೆಯಲ್ಲಿ ಗಂಡು ಹೆಣ್ಣು ರೈಲಿಗೆ ಕಾಯುತ್ತಾ ಗರ್ಭಪಾತದ ಬಗ್ಗೆ ಮಾತಾಡುತ್ತಾರೆ. ಆದರೆ ಆ ಪದ ಒಂದು ಸಲವೂ ಬರುವುದಿಲ್ಲ. ಎಷ್ಟೋ ಕಡೆ ಯಾರು ಹೇಳಿದ್ದು ಅಂತಲೂ ಇಲ್ಲ. ಗೊತ್ತಿಲ್ಲದ ಪದವಾದರೆ ಡಿಕ್ಷನರಿ ನೋಡಬಹುದು, ಹೇಳದೇ ಬಿಟ್ಟ ಮಾತನ್ನು ಎಲ್ಲಿ ನೋಡೋದು? ಪದ ಕಷ್ಟವಾದರೆ ಕಲಿಯುವವರು ಪುಸ್ತಕವನ್ನು ಬೈಯುತ್ತಾರೆ. ಪದ ಸುಲಭವಿದ್ದೂ ಅರ್ಥವಾಗದಿದ್ದರೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದರ ಮೇಲೆ ನಾನು ಅರ್ಧ ಗಂಟೆ ಒಳಾರ್ಥ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ಆ ದಿನ ಅವರ ಬಾಯಿಂದ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರಲಿಲ್ಲ. ಮುಂದಿನ ಎರಡು ವಾರ ಅವರೇ ಬರಲಿಲ್ಲ.

ತಿರುಗಿ ಬಂದಾಗ ಕೊಟ್ಟಿದ್ದು ಕೇಟ್ ಶೋಪ್ಯಾನ್ 1894ರಲ್ಲಿ ಬರೆದ ‘ದ ಸ್ಟೋರಿ ಆಫ್ ಆ್ಯನ್ ಅವರ್’. ಸುಮಾರು 1000 ಪದ. ಭಾಷೆ ಹಳೇದು, ಕಷ್ಟ ಜಾಸ್ತಿ. ಆದರೆ ಏನು ನಡೆಯಿತು ಅನ್ನೋದು ಕಣ್ಣಿಗೆ ಕಾಣುತ್ತದೆ. ಗಂಡ ರೈಲು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ. ಕೋಣೆಯಲ್ಲಿ ಒಬ್ಬಳೇ ಕೂತ ಹೆಂಡತಿಗೆ, ಅಳುವಿನ ಜೊತೆಗೇ, ಬಿಡುಗಡೆ ಸಿಕ್ಕ ಹಾಗಾಗುತ್ತದೆ. ಅಷ್ಟರಲ್ಲಿ ಗಂಡ ಮನೆ ಬಾಗಿಲು ತೆಗೆದು ಒಳಗೆ ಬರುತ್ತಾನೆ. ಅವಳು ಸಾಯುತ್ತಾಳೆ. ಖುಷಿ ತಡೆಯಲಾಗದೆ ಸತ್ತಳು ಅಂತಾರೆ ಡಾಕ್ಟರುಗಳು.

ಕಷ್ಟದ 15 ಪದ ಮೊದಲೇ ಬರೆದುಕೊಟ್ಟೆ. ಜೋರಾಗಿ ಓದಿದೆ. ಸುಮ್ನೆ ಕೂತೆ. ಅವರು ಕಾಗದ ಮೇಜಿನ ಮೇಲಿಟ್ಟು, “ನೋ! ಡಾಕ್ಟರ್ ಈಸ್ ರಾಂಗ್. ಶಿ ನಾಟ್ ಹ್ಯಾಪಿ!” ಅಂದರು. ವ್ಯಾಕರಣ ತಿದ್ದಲಿಲ್ಲ, ‘ವೈ’ ಅಂತ ಮಾತ್ರ ಕೇಳಿದೆ. 20 ನಿಮಿಷ ಮಾತಾಡಿದರು.

ಅದಕ್ಕೇ ಹೇಳೋದು, ಪದ ಎಣಿಸಬೇಡಿ. ನಿಮ್ಮ ವಿದ್ಯಾರ್ಥಿ ಜಗಳಕ್ಕೆ ನಿಲ್ಲುವಂಥ ಕಥೆ ಆರಿಸಿ. ಬದುಕು ನೋಡಿದ ಅವರ ಮನಸ್ಸಿಗೆ ಇಂಗ್ಲಿಷ್ ಮಾತ್ರ ಹೊಸದು, ಅಲ್ವಾ? ಒಂದೇ ಕಥೆಯನ್ನು ಮೂರು ವಾರ ಇಟ್ಟುಕೊಳ್ಳಿ. ಒಳಾರ್ಥ ನೀವು ಹೇಳಬೇಡಿ, ಅವರು ಕೇಳಿದರೂ ಮೊದಲ ವಾರ ಹೇಳಬೇಡಿ.