ವಾರ್ಡಿನ ಬಾರ್‌ಕೋಡ್ ಪದ್ಧತಿ ಆಪರೇಷನ್ ಥಿಯೇಟರ್‌ಗೆ ಒಗ್ಗುವುದೇ?

ರೋಗಿಗೆ ಸರಿಯಾದ ಔಷಧವೇ ಹೋಗುವಂತೆ ನೋಡಿಕೊಳ್ಳಲು ವಾರ್ಡಿನಲ್ಲಿ ಸರಾಗವಾಗಿ ನಡೆಯುತ್ತಿರುವ ಬಾರ್‌ಕೋಡ್ ಪದ್ಧತಿಯನ್ನು ಆಪರೇಷನ್ ಥಿಯೇಟರ್‌ನಲ್ಲೂ ಹಾಗೆಯೇ ಅಳವಡಿಸಬಹುದೇ ಎಂದು ಕೇಳಿದ್ದೀರಿ. ಹಾಗೆಯೇ ಅಳವಡಿಸಲು ಬರುವುದಿಲ್ಲ. ವಾರ್ಡಿನಲ್ಲಿ ವೈದ್ಯರು ಬರೆದ ಔಷಧವನ್ನು ಫಾರ್ಮಸಿಯವರು ಪರಿಶೀಲಿಸುತ್ತಾರೆ, ನರ್ಸ್ ರೋಗಿಯ ಕೈಪಟ್ಟಿಯನ್ನೂ ಔಷಧವನ್ನೂ ಸ್ಕ್ಯಾನ್ ಮಾಡಿದ ನಂತರವೇ ಕೊಡುತ್ತಾರೆ. ಥಿಯೇಟರ್‌ನಲ್ಲಾದರೋ ಔಷಧವನ್ನು ನಿರ್ಧರಿಸುವುದು, ಸಿರಿಂಜಿಗೆ ಎಳೆದುಕೊಳ್ಳುವುದು, ಕೊಡುವುದು ಎಲ್ಲವೂ ಬಹುಮಟ್ಟಿಗೆ ಅರಿವಳಿಕೆ ತಜ್ಞರೊಬ್ಬರ ಕೈಯಲ್ಲೇ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾರ್‌ಕೋಡ್ ಇರುವುದು ವಯಲ್ (ಔಷಧದ ಪುಟ್ಟ ಸೀಸೆ) ಮೇಲೆ, ಸಿರಿಂಜಿನ ಮೇಲಲ್ಲ. ಟ್ರೇಯಲ್ಲಿ ಅಕ್ಕಪಕ್ಕ ಇಟ್ಟ ಎರಡು 5 ಮಿ.ಲೀ. ಸಿರಿಂಜುಗಳಲ್ಲಿ ಒಂದರಲ್ಲಿ ಸ್ನಾಯು ಸಡಿಲಿಸುವ ಔಷಧ, ಇನ್ನೊಂದರಲ್ಲಿ ಅದರ ಪರಿಣಾಮವನ್ನು ಇಳಿಸುವ ಔಷಧ ಇದ್ದರೂ ಕಣ್ಣಿಗೆ ಕಾಣುವುದು ಎರಡರಲ್ಲೂ ನೀರಿನಂತಹ ದ್ರವವೇ.

ಆದ್ದರಿಂದ ವಯಲ್ ಸ್ಕ್ಯಾನ್ ಮಾಡಿದ ಕೂಡಲೇ ಔಷಧದ ಹೆಸರು, ಸಾಂದ್ರತೆ, ತಯಾರಿಸಿದ ಸಮಯ ಮತ್ತು ಹೊಸ ಕೋಡ್ ಇರುವ ಲೇಬಲನ್ನು ಮುದ್ರಿಸುವ ಯಂತ್ರ ಅರಿವಳಿಕೆ ಟ್ರಾಲಿಯ ಮೇಲೆಯೇ ಇರಬೇಕು. ಲೇಬಲ್‌ನ ಬಣ್ಣಕ್ಕೆ ಐಎಸ್‌ಒ 26825 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ: ಒಪಿಯಾಯ್ಡ್‌ಗಳಿಗೆ (ಮಾರ್ಫಿನ್‌ನಂತಹ ಪ್ರಬಲ ನೋವು ನಿವಾರಕಗಳಿಗೆ) ನೀಲಿ, ಅರಿವಳಿಕೆ ಆರಂಭಿಸುವ ಔಷಧಗಳಿಗೆ ಹಳದಿ, ಹೀಗೆ. ಚುಚ್ಚುವ ಮುನ್ನ ಸಿರಿಂಜನ್ನು ಮತ್ತೆ ಸ್ಕ್ಯಾನ್ ಮಾಡಿದಾಗ ಯಂತ್ರ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಹೊತ್ತಿನಲ್ಲಿ ಕಣ್ಣು ಮಾನಿಟರ್ ಮೇಲಿರುತ್ತದೆ.

ಒಂದು ಎಚ್ಚರಿಕೆ. ಸ್ಕ್ಯಾನರ್ ಓದುವುದು ಲೇಬಲನ್ನೇ ಹೊರತು ಒಳಗಿನ ದ್ರವವನ್ನಲ್ಲ. ಒಂದು ಔಷಧವನ್ನು ಎಳೆದು, ಲೇಬಲ್ ಅಂಟಿಸಿದ ಮೇಲೆಯೇ ಇನ್ನೊಂದು ವಯಲ್ ಮುಟ್ಟುವ ಶಿಸ್ತಿಲ್ಲದಿದ್ದರೆ ತಪ್ಪು ಲೇಬಲ್ಲಿಗೆ ಯಂತ್ರವೂ ಒಪ್ಪಿಗೆ ಕೊಡುತ್ತದೆ. ಹೃದಯ ಸ್ತಂಭನದಂತಹ ತುರ್ತಿನಲ್ಲಿ ಸ್ಕ್ಯಾನ್ ಮಾಡದೆಯೂ ಔಷಧ ಕೊಟ್ಟು, ನಂತರ ದಾಖಲಿಸಲು ತಂತ್ರಾಂಶದಲ್ಲಿ ಅವಕಾಶ ಇರಲೇಬೇಕು.