ಚಂಡಮಾರುತಕ್ಕೆ ಮೋರಿ ಕೊಚ್ಚಿಹೋಗಿದೆ, ಹಳ್ಳಕ್ಕೆ ಹಿಟಾಚಿ ಇಳಿಸಲು ಪರ್ಮಿಟ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬ್ಲ್ಯಾಕ್ ಮೌಂಟನ್ ಹತ್ತಿರ ನಿಮ್ಮದೊಂದು ಕ್ಯಾಬಿನ್ ಇದೆ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತಕ್ಕೆ ಮನೆ ದಾರಿಯ ಮೋರಿ ಕೊಚ್ಚಿಹೋಯಿತು, ಪಕ್ಕದಲ್ಲಿ ನಲವತ್ತು ಅಡಿ ದಡವೂ ಕುಸಿಯಿತು. ಕೆಲಸಕ್ಕೆ ಬಂದವನು "ಜಾಗ ನಿಮ್ಮದೇ ಅಲ್ವಾ, ಪರ್ಮಿಟ್ ಗಿರ್ಮಿಟ್ ಏನೂ ಬೇಡ, ಎರಡು ದಿನದಲ್ಲಿ ಮುಗಿಸಿಕೊಡ್ತೀನಿ" ಅಂತಾನೆ. ನಂಬಬಹುದಾ?

ನಂಬಬೇಡಿ. ಹಾಗಂತ ಹೆದರಬೇಕಾಗಿಯೂ ಇಲ್ಲ. ನಾನು ಶಾರ್ಲೆಟ್‌ನಲ್ಲಿ ಸಿವಿಲ್ ಎಂಜಿನಿಯರ್. ಹೆಲೀನ್ ಆದಮೇಲೆ ಹೆಚ್ಚುಕಡಿಮೆ ಪ್ರತಿ ವಾರ ಬೆಟ್ಟದ ಕಡೆ ಓಡಾಡುತ್ತಿದ್ದೇನೆ, ಬಹುಪಾಲು ನಿಮ್ಮಂಥ ಮೋರಿ, ಸಂಕಗಳ ಕೆಲಸಕ್ಕೇ. ಸೆಪ್ಟೆಂಬರ್ 27ರಂದು ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಪ್ರವಾಹದ ದಾಖಲೆಯನ್ನೂ ಮೀರಿತ್ತು. ಹಾಗಾಗಿ ಅಲ್ಲಿ ಕಷ್ಟ ನಿಮ್ಮೊಬ್ಬರದಲ್ಲ. ಸಾವಿರಾರು ಜನರ ಖಾಸಗಿ ದಾರಿ, ಸೇತುವೆಗಳು ಹೋಗಿವೆ.

ಜಾಗ ನಿಮ್ಮದೇ, ಆದರೆ ಅಲ್ಲಿ ಹರಿಯೋ ನೀರು ನಿಮ್ಮದಲ್ಲ. 1972ರ ಕ್ಲೀನ್ ವಾಟರ್ ಆ್ಯಕ್ಟ್‌ನ 404ನೇ ಸೆಕ್ಷನ್ ಪ್ರಕಾರ ಹಳ್ಳಕ್ಕೆ ಮಣ್ಣು, ಕಲ್ಲು, ಕಾಂಕ್ರೀಟು ಹಾಕಲು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ (ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗ, ಮುಂದೆ ಬರೀ ಕೋರ್ ಅಂತೀನಿ) ಒಪ್ಪಿಗೆ ಬೇಕು. ಆ ಕೆಲಸದಿಂದ ನೀರು ಕೆಡುವುದಿಲ್ಲ ಅಂತ ರಾಜ್ಯ ಕೊಡುವ ಸರ್ಟಿಫಿಕೇಟು 401ನೇ ಸೆಕ್ಷನ್‌ದು. ಇಲ್ಲಿ ಅದನ್ನು ಕೊಡೋದು ರಾಜ್ಯದ ಡಿವಿಷನ್ ಆಫ್ ವಾಟರ್ ರಿಸೋರ್ಸಸ್. ಇದನ್ನು ಕೇಳಿದ ಕೂಡಲೇ ಜನ ವರ್ಷಗಟ್ಟಲೆ ಕಚೇರಿ ಅಲೆಯಬೇಕು ಅಂದುಕೊಳ್ತಾರೆ. ಹಾಗಿಲ್ಲ. ಇಂಥ ಸಣ್ಣ ಕೆಲಸಗಳಿಗೆ ಕೋರ್ ಮೊದಲೇ ನೇಷನ್‌ವೈಡ್ ಪರ್ಮಿಟ್ ಅಂತ ಸಾಮಾನ್ಯ ಒಪ್ಪಿಗೆಗಳನ್ನು ಕೊಟ್ಟಿಟ್ಟಿದೆ. ನಿಮ್ಮ ಕೆಲಸ ಅದರ ಷರತ್ತುಗಳೊಳಗೆ ಕೂರುತ್ತೆ ಅಂತ ತೋರಿಸಿದರೆ ಸಾಕು.

ಈ ಪರ್ಮಿಟ್ಟುಗಳಿಗೆ ನಂಬರುಗಳಿವೆ. ಮೋರಿಗೆ ಹೊಂದೋದು 3ನೇ ನಂಬರು, ರಿಪೇರಿಯದು. ಕುಸಿದ ದಡಕ್ಕೆ 45 (ಪ್ರವಾಹದಂಥ ಅನಾಹುತಕ್ಕೆ ಹಾಳಾದ ಜಾಗದ ರಿಪೇರಿಯದು), ಇಲ್ಲವೇ 13 (ದಡ ಕೊರೆಯದಂತೆ ಭದ್ರಪಡಿಸೋದು). ಎರಡು ಗಡುವು ನೆನಪಿಡಿ. 3ರಲ್ಲಿ ಹಾನಿಯಾದ ಎರಡು ವರ್ಷದೊಳಗೆ ಕೆಲಸ ಶುರುವಾಗಬೇಕು, ಇಲ್ಲವೇ ಗುತ್ತಿಗೆಯಾದರೂ ಆಗಿರಬೇಕು. 45ರಲ್ಲಿ ಇದರ ಜೊತೆಗೆ ಹನ್ನೆರಡು ತಿಂಗಳೊಳಗೆ ಕೋರ್‌ಗೆ ಬರೆದು ತಿಳಿಸಿರಬೇಕು. ಬೇಸಿಗೆಯಲ್ಲಿ ನೋಡೋಣ ಅಂತ ಬಿಟ್ಟು, ಆಮೇಲೆ ನನಗೆ ಫೋನ್ ಮಾಡುವವರು ಜಾಸ್ತಿ.

ಎಲ್ಲ ನಿಂತಿರೋದು ಒಂದೇ ಮಾತಿನ ಮೇಲೆ: ಮೊದಲು ಹೇಗಿತ್ತೋ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಕಟ್ಟಿದರೆ ದಾರಿ ಸಲೀಸು. "ಹೇಗೂ ಹಿಟಾಚಿ ಬಂದಿದೆ, ಹಾಗೇ ಹಳ್ಳ ನೇರ ಮಾಡಿಬಿಡೋಣ, ಅಂಗಳ ಹತ್ತಡಿ ಮುಂದಕ್ಕೆ ಎಳೆಯೋಣ" ಅಂದಿರೋ, ಅದು ರಿಪೇರಿ ಅಲ್ಲ. ಸ್ವಾನನೋವಾ ಕಡೆ ಒಬ್ಬರ ಮನೆಯಲ್ಲಿ ಹೀಗೇ ಆಯಿತು. ನಾನು ಹೋಗುವಷ್ಟರಲ್ಲಿ ಹಳ್ಳದ ಕಲ್ಲುಗಳನ್ನೆಲ್ಲ ಬಗೆದು ದಡಕ್ಕೆ ಪೇರಿಸಿಬಿಟ್ಟಿದ್ದರು. ಹಳ್ಳ ನಮ್ಮ ಬಡಾವಣೆಗಳ ರಾಜಕಾಲುವೆ ಥರ ನೆಟ್ಟಗಾಗಿತ್ತು. ನೋಡೋಕೇನೋ ಅಚ್ಚುಕಟ್ಟು. ಮುಂದಿನ ಜೋರು ಮಳೆಗೆ ನೀರಿನ ರಭಸ ತಡೆಯೋಕೆ ಏನೂ ಉಳಿದಿರಲಿಲ್ಲ, ಕೆಳಗಿನ ಮನೆಯವರ ದಡ ಹೋಯಿತು. ಅಂಥ ಚಪ್ಪಟೆ ಕಲ್ಲುಗಳ ಕೆಳಗೇ ಹೆಲ್‌ಬೆಂಡರ್ ಅನ್ನೋ ದೊಡ್ಡ ಸಾಲಮ್ಯಾಂಡರ್ ಬದುಕೋದು. ಎರಡಡಿವರೆಗೂ ಬೆಳೆಯುತ್ತೆ. ನಾನು ಒಂದೇ ಒಂದು ಸಲ ನೋಡಿದ್ದೇನೆ, ಥೇಟ್ ಕೆಸರಿನ ಮುದ್ದೆ!

ಮೊದಲು ಹೇಗಿತ್ತು ಅಂತ ತೋರಿಸೋಕೆ ಫೋಟೋ ಬೇಕು. ನನ್ನ ಒಬ್ಬ ಗಿರಾಕಿಯ ಹತ್ತಿರ ಒಂದೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮಗಳ ಹುಟ್ಟುಹಬ್ಬದ ವಾಟ್ಸಾಪ್ ಚಿತ್ರ. ಕೇಕ್ ಹಿಡಿದ ಹುಡುಗಿಯ ಹಿಂದೆ ಪೈಪಿನ ಬಾಯಿ ಸ್ಪಷ್ಟವಾಗಿ ಕಾಣುತ್ತಿತ್ತು. ನೀವೂ ಫೋನಿನಲ್ಲಿ ಹುಡುಕಿ. ಈಗಿನ ಸ್ಥಿತಿಯ ಚಿತ್ರಗಳನ್ನೂ ಅಳತೆ ಟೇಪು ಇಟ್ಟು ತೆಗೆಯಿರಿ.

ಇನ್ನು ನೀರಿನ ವಿಷಯ. ನಿಮ್ಮದು ಟ್ರೌಟ್ ಮೀನಿನ ಹಳ್ಳವೇ ಅಂತ ಮೊದಲು ನೋಡಿ, ಆ ಸೀಮೆಯಲ್ಲಿ ಬಹಳಷ್ಟು ಹಳ್ಳಗಳು ಅಂಥವೇ. ಬಗ್ಗಡವನ್ನು ಅಳೆಯೋದು ಎನ್‌ಟಿಯು ಅನ್ನೋ ಲೆಕ್ಕದಲ್ಲಿ. ಈ ರಾಜ್ಯದಲ್ಲಿ ಸಾಮಾನ್ಯ ಹಳ್ಳಕ್ಕೆ ಮಿತಿ 50, ಟ್ರೌಟ್ ಹಳ್ಳಕ್ಕೆ ಬರೀ 10. ಹತ್ತು ಅಂದರೆ ಲೋಟದಲ್ಲಿ ಹಿಡಿದರೆ ತುಸುವೇ ಮಬ್ಬು ಕಾಣುವಷ್ಟು. ಹರಿಯೋ ನೀರಲ್ಲಿ ಹಿಟಾಚಿ ಒಂದು ಬಕೆಟ್ ಮಣ್ಣು ಎತ್ತಿದರೆ ಸಾಕು, ಕೆಳಗೆಲ್ಲ ಚಹಾ ಬಣ್ಣ. ಆ ಹೂಳು ಜಲ್ಲಿಯ ಸಂದಿಗೆ ಇಳಿದು ಮೀನಿನ ಮೊಟ್ಟೆಗಳ ಉಸಿರು ಕಟ್ಟಿಸುತ್ತೆ. ಅದಕ್ಕೇ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ಮೊಟ್ಟೆಯಿಡುವ ಕಾಲದಲ್ಲಿ, ಟ್ರೌಟ್ ಹಳ್ಳಕ್ಕೆ ಇಳಿಯಬೇಡಿ ಅನ್ನೋ ಷರತ್ತು ಸಾಮಾನ್ಯ. ಮನೆಗೆ ಆಂಬುಲೆನ್ಸ್ ಬರೋಕೂ ದಾರಿಯಿಲ್ಲ ಅನ್ನೋ ಪರಿಸ್ಥಿತಿ ಇದ್ದರೆ ಹೇಳಿ. ಜೀವಕ್ಕೆ ಅಪಾಯ ಅಂದರೆ ಕೋರ್‌ನಲ್ಲಿ ತುರ್ತಾಗಿ ನೋಡುವ ವ್ಯವಸ್ಥೆ ಇದೆ.

ನೀರು ಕೆಡದಂತೆ ಕೆಲಸ ಮಾಡೋದು ದೊಡ್ಡ ವಿದ್ಯೆಯಲ್ಲ. ಅಡಿಕೆ ತೋಟದ ಹಳ್ಳಕ್ಕೆ ಬೇಸಿಗೆಯಲ್ಲಿ ಕಟ್ಟ ಹಾಕೋದನ್ನು ನೋಡಿದ್ದೀರಾ? ಅದೇ ಲೆಕ್ಕ. ಮೇಲ್ಗಡೆ ಮರಳು ಚೀಲದ ಕಟ್ಟ ಹಾಕಿ. ನೀರನ್ನು ಪಂಪಿನಿಂದ ಎತ್ತಿ, ಕೆಲಸದ ಜಾಗ ದಾಟಿಸಿ, ಕೆಳಗೆ ಕಲ್ಲಿನ ಮೇಲೆ ಬೀಳುವಂತೆ ಬಿಡಿ. ನಡುವೆ ಉಳಿದ ರಾಡಿ ನೀರನ್ನು ದಪ್ಪ ಬಟ್ಟೆಯ ಫಿಲ್ಟರ್ ಚೀಲಕ್ಕೆ ಹಾಯಿಸಿ ಸೋಸಿ. ಹಸಿ ಕಾಂಕ್ರೀಟು ಹರಿಯೋ ನೀರಿಗೆ ತಾಗಲೇಬಾರದು, ಅದರ ಸುಣ್ಣದ ಗುಣಕ್ಕೆ ಮೀನು ಸಾಯುತ್ತೆ.

ಪೈಪನ್ನು ಹಳ್ಳದ ತಳದ ಮೇಲೆ ಸುಮ್ನೆ ಇಟ್ಟು ಮಣ್ಣು ಮುಚ್ಚಬೇಡಿ. 48 ಇಂಚಿನವರೆಗಿನ ಪೈಪಾದರೆ ವ್ಯಾಸದ ಶೇ. 20ರಷ್ಟು ತಳದೊಳಗೆ ಹೂತಿರಬೇಕು, ಅದಕ್ಕಿಂತ ದೊಡ್ಡದಾದರೆ ಒಂದಡಿ. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಕೆಳಬಾಯಿಯ ಮಣ್ಣು ಕೊರೆದು ಪೈಪು ನಲ್ಲಿ ಥರ ಮೇಲೆ ನೇತಾಡುತ್ತೆ, ಮೀನು ಹತ್ತೋಕಾಗಲ್ಲ. ಹಳೇ ಪೈಪು ಚಿಕ್ಕದಾಗಿತ್ತು, ದೊಡ್ಡದು ಹಾಕಬೇಕು ಅನ್ನಿಸಿದರೆ ಅದನ್ನು ಅರ್ಜಿಯಲ್ಲೇ ಬರೆಯಿರಿ. ಕಾರಣವಿದ್ದರೆ ಸಣ್ಣಪುಟ್ಟ ಬದಲಾವಣೆಗೆ ಅವಕಾಶ ಇದೆ. ಪ್ರವಾಹದ ನೀರು ಹರಡುವ ಬಯಲಿನಲ್ಲಿ ಕೆಲಸ ಮಾಡೋಕೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪರ್ಮಿಟ್ ಬೇರೆ, ಅದನ್ನೂ ವಿಚಾರಿಸಿ.

ಮೊದಲು ಕೋರ್‌ನ ಆಶ್‌ವಿಲ್ ಕಚೇರಿಗೆ ಒಂದು ಫೋನ್ ಮಾಡಿ. ನನ್ನ ಅನುಭವದಲ್ಲಿ ಅವರು ಸಾವಧಾನವಾಗಿಯೇ ಕೇಳಿಸಿಕೊಳ್ತಾರೆ. ಆಮೇಲೆ ಆ ಹಿಟಾಚಿಯವನನ್ನು ಕರೆದು ಒಂದೇ ಪ್ರಶ್ನೆ ಕೇಳಿ: "ಕೆಲಸ ನಡೆಯುವಾಗ ನೀರನ್ನು ಎಲ್ಲಿಂದ ತಿರುಗಿಸ್ತೀಯಾ?" ಅವನು ತಲೆ ಕೆರೆದುಕೊಂಡರೆ ಬೇರೆಯವನನ್ನು ಹುಡುಕಿ. ಹಳೇ ಪೈಪಿನ ಅಳತೆ, ಹಳ್ಳದ ಅಗಲ ಇಲ್ಲಿ ಹಾಕಿ, ಯಾವ ಸೈಜು ಸಾಕಾಗಬಹುದು ಅಂತ ನೋಡಿ ಹೇಳ್ತೀನಿ.